ಹಿರಿಯರ ಊಟ, ಲಸಿಕೆ ಮತ್ತು ನ್ಯುಮೋನಿಯಾ

ಎಪ್ಪತ್ತು ದಾಟಿದ ಹಿರಿಯರ ಊಟ ಕ್ರಮೇಣ ಕಡಿಮೆಯಾದರೆ ನಮ್ಮ ಮನೆಗಳಲ್ಲಿ ಯಾರೂ ಅದನ್ನು ರೋಗದ ಸುಳಿವೆಂದು ಭಾವಿಸುವುದಿಲ್ಲ. ವಯಸ್ಸಾದ ಮೇಲೆ ಹಸಿವು ಇಷ್ಟೇ ಎಂದು ಸುಮ್ಮನಾಗುತ್ತೇವೆ. ಅದನ್ನು ವಿರಕ್ತಿಯ ಲಕ್ಷಣವೆಂದು ಮೆಚ್ಚಿಕೊಳ್ಳುವುದೂ ಉಂಟು. ಆದರೆ ಕುಗ್ಗಿದ ಊಟಕ್ಕೂ ನ್ಯುಮೋನಿಯಾಕ್ಕೂ ಇರುವ ನಂಟನ್ನು ಸದ್ಭಕ್ತರೆಲ್ಲರೂ ಅರಿತಿರಬೇಕಾದುದು ಅವಶ್ಯ.

ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ಸೋಂಕು ತಗುಲಿ ಕೀವು, ದ್ರವ ತುಂಬಿಕೊಂಡಾಗ ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ಇದೇ ನ್ಯುಮೋನಿಯಾ. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಇದರ ಮುಖ್ಯ ಕಾರಣಗಳಲ್ಲೊಂದು. ಫ್ಲೂ ಜ್ವರವು ಎಷ್ಟೋ ಸಲ ಅದಕ್ಕೆ ದಾರಿ ಮಾಡಿಕೊಡುತ್ತದೆ. ತರುಣರಲ್ಲಿ ಚಳಿಜ್ವರ, ಕೆಮ್ಮು, ಎದೆನೋವು ಕಾಣಿಸಿಕೊಂಡು ರೋಗ ಬೇಗ ತಿಳಿಯುತ್ತದೆ. ಹಿರಿಯರಲ್ಲಿ ಜ್ವರವೇ ಬಾರದಿರಬಹುದು. ಒಮ್ಮೆಲೇ ಊಟ ಬಿಡುವುದು, ಮಂಕಾಗುವುದು, ಸಂಬಂಧವಿಲ್ಲದ ಮಾತಾಡುವುದು, ನಡೆಯುವಾಗ ಬೀಳುವುದು, ಉಸಿರಾಟ ವೇಗವಾಗುವುದು, ಇಷ್ಟರಿಂದಲೇ ಅದನ್ನು ಗುರುತಿಸಬೇಕಾದೀತು. ಇವನ್ನು ಮುಪ್ಪಿನ ಮರೆವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ಊಟದ ಪಾತ್ರವೇನು? ಕೆಮ್ಮುವುದೂ ಸ್ನಾಯುಗಳ ಕೆಲಸವೇ. ಎದೆ, ಹೊಟ್ಟೆಯ ಸ್ನಾಯುಗಳು ಸೊರಗಿದವರಿಗೆ ಕಫವನ್ನು ಹೊರಹಾಕುವ ಬಲವಿರುವುದಿಲ್ಲ. ರೋಗಾಣುವನ್ನು ಎದುರಿಸುವ ಪ್ರತಿಕಾಯಗಳೂ ಪ್ರೋಟೀನಿನಿಂದಲೇ ಆದವು. ಆದಕಾರಣ ಆರೋಗ್ಯವಂತ ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಸೂಚಿಸಿತು. 55 ಕಿಲೋ ತೂಕದವರಿಗೆ ಇದು 55ರಿಂದ 66 ಗ್ರಾಂ ಆಗುತ್ತದೆ. ಶಾಕಾಹಾರದಲ್ಲಿ ಇದು ಅಸಾಧ್ಯವಲ್ಲ. ಮೂರು ಜೋಳದ ರೊಟ್ಟಿ, ಎರಡು ಹಿಡಿ ಬೇಳೆಯ ಗಟ್ಟಿ ಪಲ್ಯ, ಅರ್ಧ ಲೀಟರಿನಷ್ಟು ಹಾಲು ಮೊಸರು, ಒಂದು ಹಿಡಿ ಶೇಂಗಾ ಇದ್ದರೆ ಸುಮಾರು 50 ಗ್ರಾಂ ದೊರೆಯುತ್ತದೆ. ಆದರೆ ಹಲ್ಲಿಲ್ಲದ ಅಜ್ಜ ಅಜ್ಜಿಯರು ತಿಳಿಸಾರು ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತುಗಳಲ್ಲೇ ದಿನ ಕಳೆಯುತ್ತಾರೆ. ಅದರಲ್ಲಿ ಈ ಪ್ರಮಾಣದ ಅರ್ಧವೂ ಸಿಗದು. ಅಂಥವರಿಗೆ ಹೆಸರುಬೇಳೆಯ ಮೆತ್ತನೆಯ ಹುಗ್ಗಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಶೇಂಗಾ ಪುಡಿ ಕಲಸಿದ ಮೊಸರನ್ನ ಮಾಡಿಕೊಡಬಹುದು. ಒಮ್ಮೆಗೇ ತಿನ್ನಲಾಗದಿದ್ದರೆ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕೊಟ್ಟರಾಯಿತು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಕೂಡದು. ಶ್ರಾವಣದ ಉಪವಾಸವನ್ನು ಬಿಡಲೊಪ್ಪದ ಹಿರಿಯರಿಗೆ ಅಂದು ಹಾಲು, ಮೊಸರಾದರೂ ಸಾಕಷ್ಟು ಸಲ್ಲುವಂತೆ ನೋಡಿಕೊಳ್ಳುವ ಹೊಣೆ ಮನೆಯವರದು.

ಲಸಿಕೆಯೆಂದರೆ ಮಕ್ಕಳದೆಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ನ್ಯುಮೋಕಾಕಸ್ ಲಸಿಕೆಯನ್ನು ಭಾರತ ಸರ್ಕಾರವು 2017ರಿಂದ ಹಂತಹಂತವಾಗಿ ಮಕ್ಕಳ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಮೊಮ್ಮಕ್ಕಳಿಗೆ ಲಸಿಕೆಯಾದರೆ ಅವರ ಮೂಗು ಗಂಟಲಿನಿಂದ ರೋಗಾಣು ಹರಡುವುದು ಕಡಿಮೆಯಾಗಿ ಹಿರಿಯರಿಗೂ ಕೊಂಚ ರಕ್ಷಣೆ ದೊರೆಯುತ್ತದೆ. ಆದರೆ ಹಿರಿಯರಿಗೆ ತಮ್ಮದೇ ಲಸಿಕೆಯೂ ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 65 ದಾಟಿದ ಸುಮಾರು 84,500 ಜನರ ಮೇಲೆ ನಡೆದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಲಸಿಕೆಯಲ್ಲಿ ಅಡಕವಾದ ನ್ಯುಮೋಕಾಕಸ್ ಬಗೆಗಳಿಂದ ಬರುವ ನ್ಯುಮೋನಿಯಾ ಅದರಿಂದ ಸುಮಾರು ಶೇಕಡ 45ರಷ್ಟು, ಅದೇ ಬಗೆಗಳ ಸೋಂಕು ರಕ್ತಕ್ಕಿಳಿಯುವಂಥ ತೀವ್ರ ರೂಪ ಶೇಕಡ 75ರಷ್ಟು ತಗ್ಗಿದವು. ಪೂರ್ಣ ರಕ್ಷಣೆಯಲ್ಲವೆಂಬುದು ನಿಜ. ಅದಕ್ಕೆಂದೇ ಊಟದ ಮಾತನ್ನು ಮೊದಲು ಹೇಳಿದೆವು. ಪೋಷಣೆಯಿಲ್ಲದ ದೇಹವು ಲಸಿಕೆಗೂ ಚೆನ್ನಾಗಿ ಸ್ಪಂದಿಸಲಾರದು.

ವಯಸ್ಕರಿಗೆ ನ್ಯುಮೋಕಾಕಸ್ ಲಸಿಕೆಗಳಲ್ಲಿ ಹಲವು ಬಗೆಗಳಿವೆ. ಯಾವುದು, ಎಷ್ಟು ಸಲ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಬೆಲೆ ಕಡಿಮೆಯೇನಲ್ಲ. ಮನೆಯ ಒಂದು ಸಮಾರಂಭದ ವೆಚ್ಚದಲ್ಲಿ ಸ್ವಲ್ಪ ಉಳಿಸಿ ತಂದೆತಾಯಿಗಳಿಗೆ ಇದನ್ನು ಹಾಕಿಸುವುದು ತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಫ್ಲೂ ವೈರಾಣು ರೂಪ ಬದಲಿಸುತ್ತಿರುವುದರಿಂದ ಅದರ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಬೇಕು. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಉಳ್ಳವರು ಮತ್ತು ಬೀಡಿ ಸೇದುವವರು ವಯಸ್ಸು ಅರವತ್ತೈದಾಗಲಿ ಎಂದು ಕಾಯದೆ ವೈದ್ಯರನ್ನು ವಿಚಾರಿಸುವುದು ಒಳಿತು.

ಬಾಯಿಯ ಶುಚಿಯೂ ಇಲ್ಲಿ ಮುಖ್ಯ. ಬಾಯಿಯ ರೋಗಾಣುಗಳು ಎಂಜಲಿನೊಡನೆ ಶ್ವಾಸನಾಳಕ್ಕೆ ಜಾರುತ್ತವೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಿಗೆ ನ್ಯುಮೋನಿಯಾ ಕಡಿಮೆ ಬಂದಿತು. ಕಟ್ಟಿಸಿದ ಹಲ್ಲುಗಳನ್ನು ರಾತ್ರಿ ತೆಗೆದಿಡಬೇಕು. ಹಾಸಿಗೆ ಹಿಡಿದವರಿಗೆ ಮಲಗಿಸಿಕೊಂಡೇ ಗಂಜಿ ಕುಡಿಸದೆ, ಬೆನ್ನಿಗೆ ದಿಂಬಿಟ್ಟು ನೇರವಾಗಿ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಕುಳಿತಿರುವಂತೆ ನೋಡಿಕೊಳ್ಳಬೇಕು.