ಪೀಸ್ ಲೆಕ್ಕದಾಚೆಯ ಹುರುಪು

ಬಳ್ಳಾರಿಯ ಜೀನ್ಸ್ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ದಾರ ಕತ್ತರಿಸುವ ಕೆಲಸವಂತೂ ಗಂಟು ಕಟ್ಟಿಕೊಂಡು ಕೌಲ್ ಬಜಾರಿನಂಥ ಓಣಿಗಳ ಮನೆಬಾಗಿಲಿಗೇ ಬರುತ್ತದೆ. ಹೆಣ್ಣುಮಕ್ಕಳು ಪ್ಯಾಂಟನ್ನು ಒಳಮಗ್ಗುಲಾಗಿ ತಿರುವಿ, ಜೇಬಿನ ಮೂಲೆ, ಬೆಲ್ಟಿನ ಲೂಪು, ಕಾಲಿನ ಅಂಚುಗಳಲ್ಲಿ ನೂಲಿನ ತುದಿ ತಡಕಿ ಕತ್ತರಿಸುತ್ತಾರೆ. ಕೂಲಿ ಪೀಸ್ ಲೆಕ್ಕದಲ್ಲಿ. ಸಿರುಗುಪ್ಪದ ಗದ್ದೆಗಳಲ್ಲಿ ಗುಂಪು ಕಟ್ಟಿಕೊಂಡು ಭತ್ತ ನಾಟಿ ಮಾಡುವವರಿಗೂ ಎಕರೆಗಿಷ್ಟು ಎಂಬ ಗುತ್ತಿಗೆಯೇ. ಎಷ್ಟು ಕೆಲಸವೋ ಅಷ್ಟು ಕಾಸು. ದುಡಿಸಲು ಇದಕ್ಕಿಂತ ಬೇರೇನು ಬೇಕು ಎಂದು ಕೆಲಸ ಕೊಡುವವರು ಕೇಳುತ್ತಾರೆ.

ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದ ಸೇಫ್‌ಲೈಟ್ ಎಂಬ ಕಂಪನಿ ಕಾರುಗಳಿಗೆ ಗಾಜು ಕೂರಿಸುವವರ ಕೂಲಿಯನ್ನು ಗಂಟೆಯ ಲೆಕ್ಕದಿಂದ ಗಾಜಿನ ಲೆಕ್ಕಕ್ಕೆ ಬದಲಿಸಿದಾಗ ತಲಾ ಕೆಲಸ 44% ಏರಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್ 2000ರಲ್ಲಿ ತೋರಿಸಿದರು. ದುಡ್ಡು ಹುರುಪು ತರುತ್ತದೆ, ಸಂಶಯವಿಲ್ಲ. ಆದರೆ ಅದೇ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ.

ಒಡಿಶಾದಲ್ಲಿ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಬಳ್ಳಾರಿಯ ಕೆಲಸಕ್ಕೆ ತೀರ ಹತ್ತಿರದ್ದು. ಅಲ್ಲಿನ ಕೂಲಿಕಾರರು ಕಡ್ಡಿ ಚುಚ್ಚಿ ಊಟದ ಪತ್ರಾವಳಿ ಹಚ್ಚುತ್ತಿದ್ದರು. ಅವರದೂ ಪೀಸ್ ಲೆಕ್ಕವೇ. ಕೆಲವರಿಗೆ ದುಡಿದ ಹಣದ ಒಂದು ಪಾಲನ್ನು ಬೇಗ ಬಟವಾಡೆ ಮಾಡಿದರು, ಉಳಿದವರಿಗೆ ಕೊನೆಗೆ. ದರ ಎಲ್ಲರಿಗೂ ಒಂದೇ. ಬೇಗ ಹಣ ಸಿಕ್ಕವರು 7% ಹೆಚ್ಚು ಪತ್ರಾವಳಿ ಹಚ್ಚಿದರು, ತಪ್ಪುಗಳೂ ಕಡಿಮೆಯಾದವು. ಹೆಚ್ಚು ಬಡವರಾಗಿದ್ದವರಲ್ಲಿ ಈ ಏರಿಕೆ ಇನ್ನೂ ದೊಡ್ಡದು. ಸಾಲ, ರೇಷನ್ನು, ಮಕ್ಕಳ ಫೀಸು ತಲೆಯಲ್ಲಿ ಕೊರೆಯುತ್ತಿದ್ದರೆ ಕೈಯೊಳಗಿನ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ ಎನ್ನುವುದು ಸಂಶೋಧಕರ ವಿವರಣೆ. ಬಟವಾಡೆಯನ್ನು ಮುಂದಿನ ವಾರಕ್ಕೆ ದೂಡುವವರು ಕೂಲಿಯವರ ಗಮನವನ್ನೂ ಅಷ್ಟಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂದೇ ನಾನು ಇದನ್ನು ಓದುತ್ತೇನೆ.

ಇನ್ನೊಂದು ಹಳೆಯ ಪ್ರಯೋಗ ಹೊಲಿಗೆಯವರದೇ. ವರ್ಜೀನಿಯಾದ ಮೇರಿಯನ್ ಊರಿನ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಕೆಲಸದ ಬಗೆ ಬದಲಾದಾಗಲೆಲ್ಲ ವೇಗ ಕುಸಿಯುತ್ತಿತ್ತು, ಹೆಣ್ಣುಮಕ್ಕಳು ಕೆಲಸ ಬಿಡುತ್ತಿದ್ದರು. ಇದನ್ನು ಅಧ್ಯಯನ ಮಾಡಿದ ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಆ ಹೆಣ್ಣುಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಹೊಸ ಪದ್ಧತಿಯನ್ನೂ ಹೊಸ ದರವನ್ನೂ ತಿಳಿಸಿ ಸುಮ್ಮನಾದರು. ಬೇರೆ ಗುಂಪುಗಳಲ್ಲಿ ಎಲ್ಲರನ್ನೂ ಕೂಡಿಸಿ, ಬದಲಾವಣೆ ಯಾಕೆ ಬೇಕೆಂದು ವಿವರಿಸಿ, ಹೇಗೆ ಮಾಡಬಹುದು ಎಂದು ಅವರಿಂದಲೇ ಕೇಳಿ ತಿಳಿದರು. ಬರೀ ತಿಳಿಸಲ್ಪಟ್ಟವರಲ್ಲಿ 40 ದಿನದೊಳಗೆ 17% ಮಂದಿ ಕೆಲಸ ಬಿಟ್ಟರು, ಉಳಿದವರ ವೇಗವೂ ಚೇತರಿಸಲಿಲ್ಲ. ಕೂಡಿ ತೀರ್ಮಾನಿಸಿದವರಲ್ಲಿ ಒಬ್ಬರೂ ಬಿಡಲಿಲ್ಲ. ಅವರ ಕೆಲಸ ಮೊದಲಿಗಿಂತ ಸುಮಾರು 14% ಮೇಲಕ್ಕೆ ಹೋಯಿತು. 1948ರಲ್ಲಿ ಪ್ರಕಟವಾದ ಈ ವರದಿಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮುಂದಿನ ಭಾಗ. ಹಿಂದೆ ಬಿದ್ದ ಆ ಮೊದಲ ಗುಂಪಿನಲ್ಲಿ ಉಳಿದಿದ್ದ ಹದಿಮೂರು ಮಂದಿಗೆ ಎರಡೂವರೆ ತಿಂಗಳ ನಂತರ ಮತ್ತೊಂದು ಕೆಲಸ ಕೊಡುವಾಗ ಅವರನ್ನೂ ಕೂಡಿಸಿಕೊಂಡು ಮಾತಾಡಿದರು. ಅವರೂ ಬೇಗನೆ ಚೇತರಿಸಿ ಹಳೆಯ ವೇಗವನ್ನು ದಾಟಿದರು. ಸೋಮಾರಿಗಳೆಂದು ಯಾರಾದರೂ ಬರೆದುಹಾಕಬಹುದಾಗಿದ್ದ ಅದೇ ಜನ, ಅದೇ ಕೈಗಳು!

ಮಾತು ಕೇಳಿಸಿಕೊಂಡರೆ ಜನ ಕೆಲಸದಲ್ಲಿ ನಿಲ್ಲುತ್ತಾರೆ ಎಂಬುದಕ್ಕೆ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಪುರಾವೆ ಇದೆ. 2016ರಲ್ಲಿ ಸಂಬಳ ನಿರೀಕ್ಷೆಗಿಂತ ಕಡಿಮೆ ಏರಿದಾಗ, ಸಂಶೋಧಕ ಅಚ್ಯುತ ಅಧ್ವರ್ಯು ಮತ್ತು ಜೊತೆಗಾರರು ಕೆಲವು ಕಾರ್ಮಿಕರಿಗೆ ಹೆಸರು ಹೇಳದೆ ಸಂಬಳ, ಸೂಪರ್‌ವೈಸರು, ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಅಷ್ಟಕ್ಕೇ, ಅವರು ಕೆಲಸ ಬಿಡುವುದು ಸುಮಾರು 20% ಇಳಿಯಿತು. ಕೆಲಸದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಅಧ್ವರ್ಯು ಅವರೇ ಇನ್ನೊಂದು ಅಧ್ಯಯನದಲ್ಲಿ, ಕಡಿಮೆ ಶಾಖ ಉಗುಳುವ ಎಲ್‌ಇಡಿ ದೀಪ ಹಾಕಿದ ಮೇಲೆ ಸೆಕೆಯ ದಿನಗಳಲ್ಲಿ ಹೊಲಿಗೆ ಹೆಚ್ಚಿದ್ದನ್ನು ಕಂಡರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ತಗಡಿನ ಶೆಡ್ಡಿನೊಳಗೆ ಹುರುಪು ಹುಡುಕುವವರು ಮೊದಲು ಚಾವಣಿಯ ಕಡೆ ನೋಡಬೇಕು.

ಹಾರ್ವುಡ್‌ನಲ್ಲಿ ಕೆಲಸದ ಬಗೆ ಬದಲಾದಂತೆ ಇಲ್ಲೂ ಜೀನ್ಸಿನ ಮಾಡೆಲ್ ಬದಲಾಗುತ್ತಲೇ ಇರುತ್ತದೆ. ಜೇಬಿನ ಆಕಾರ ಬದಲಾದರೂ ಸಾಕು, ಪಳಗಿದ ಟೈಲರ್ ಕೂಡ ಕೆಲವು ದಿನ ನಿಧಾನವಾಗುತ್ತಾನೆ. ಪೀಸ್ ಲೆಕ್ಕದಲ್ಲಿ ಆ ನಿಧಾನದ ನಷ್ಟವೆಲ್ಲ ಅವನದೇ. ಸ್ಯಾಂಪಲ್ ಪ್ಯಾಂಟುಗಳನ್ನು ಅವನ ಕೈಯಲ್ಲೇ ಹೊಲಿಸಿ, ಹಿಡಿದ ಹೊತ್ತು ನೋಡಿ, ಅವನೊಡನೆ ಕೂತು ದರ ಕಟ್ಟುವುದಕ್ಕೆ ಒಂದು ಮಧ್ಯಾಹ್ನ ಸಾಕು. ಕೂತ ಮೇಲೆ ಅವನ ಮಾತಿಗೆ ದರ ಬದಲಾಗುವಂತೆಯೂ ಇರಬೇಕು. ಹಾರ್ವುಡ್ ಪ್ರಯೋಗವನ್ನು ಮುಂದೆ ನಾರ್ವೆಯ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ಮಾಡಿ ನೋಡಿದರು. ಅಲ್ಲಿ ಕಾರ್ಮಿಕರಿಗೆ ಬಿಟ್ಟುಕೊಟ್ಟ ತೀರ್ಮಾನಗಳು ಸಣ್ಣಪುಟ್ಟವು. ಉಳಿದ ಗುಂಪುಗಳಿಗಿಂತ ಅವರ ಕೆಲಸ ಹೆಚ್ಚಲಿಲ್ಲ ಎಂದು 1960ರ ವರದಿ ಹೇಳುತ್ತದೆ.