ಬೇರುಗಂಟಿನ ಜೀವಾಣುವನ್ನು ಸಾಕುವುದು ಮತ್ತು ಕಾಪಾಡುವುದು

ಮಾಸೂರು, ರಟ್ಟೀಹಳ್ಳಿ, ಹಿರೇಕೆರೂರು ಭಾಗದಲ್ಲಿ ಗೋವಿನಜೋಳ, ಹತ್ತಿಗಳ ಜೊತೆಗೆ ಸೋಯಾ ಅವರೆ, ಶೇಂಗಾ ಬಿತ್ತುವ ರೈತರೂ ಇದ್ದಾರೆ. ಇಂಥ ದ್ವಿದಳ ಬೆಳೆಗಳ ಬೀಜಕ್ಕೆ ರೈಜೋಬಿಯಂ ಹಚ್ಚಬೇಕೆಂಬ ಶಿಫಾರಸು ಹಳೆಯದು. ಹಚ್ಚಿದರೂ ಬೇರಿನಲ್ಲಿ ಗಂಟು ಕಾಣಲಿಲ್ಲವೆಂಬ ದೂರೂ ಅಷ್ಟೇ ಹಳೆಯದು. ಅನೇಕ ವೇಳೆ ದೋಷ ಮಣ್ಣಿನದಲ್ಲ. ಪೊಟ್ಟಣದೊಳಗಿನ ಜೀವಾಣು ಬಿತ್ತನೆಗೆ ಮೊದಲೇ ಸತ್ತಿರುತ್ತದೆ.

ಪ್ರಯೋಗಶಾಲೆಯಲ್ಲಿ ಈ ಜೀವಾಣುವಿನ ಮೂಲ ತಳಿಯನ್ನು ಬೀಜದ ಮೂಲ ತಳಿಯಷ್ಟೇ ಜೋಪಾನವಾಗಿ ಇಡುತ್ತಾರೆ. ಪದೇ ಪದೇ ಹೊಸ ಆಹಾರಕ್ಕೆ ವರ್ಗಾಯಿಸುತ್ತ ಹೋದರೆ ಕೆಲವು ತಳಿಗಳು ಗಂಟು ಕಟ್ಟುವ ಗುಣವನ್ನೇ ಕಳೆದುಕೊಳ್ಳುತ್ತವೆ. ಆದ್ದರಿಂದ ನಿತ್ಯದ ಬಳಕೆಯ ತಳಿಯನ್ನು ಗಾಜಿನ ನಳಿಕೆಯ ಅಗರಿನ ಮೇಲೆ ಬೆಳೆಸಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಮೂಲವನ್ನು ಬೇರೆಯಾಗಿ ಗ್ಲಿಸರಾಲ್ ಸೇರಿಸಿ ಶೂನ್ಯಕ್ಕಿಂತ 80 ಡಿಗ್ರಿ ಕೆಳಗೆ ಘನೀಕರಿಸಿಯೋ, ಇಲ್ಲವೆ ಘನೀಕರಿಸಿ ಒಣಗಿಸಿಯೋ ವರ್ಷಗಟ್ಟಲೆ ಕಾಪಾಡುತ್ತಾರೆ. ಆಗಾಗ ಸಸಿಗೆ ಹಚ್ಚಿ ಗಂಟು ಕಟ್ಟುವುದೇ ಎಂದು ಪರೀಕ್ಷಿಸುವುದೂ ಉಂಟು.

ಬೆಳೆಸಲು ಮ್ಯಾನಿಟಾಲ್ ಸಕ್ಕರೆ, ಯೀಸ್ಟ್ ಸಾರ ಮತ್ತು ಲವಣಗಳ ದ್ರಾವಣವನ್ನು ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿ, ತಳಿ ಸೇರಿಸಿ, ಸುಮಾರು 28 ಡಿಗ್ರಿಯಲ್ಲಿ ಅಲುಗಾಡಿಸುತ್ತಾರೆ. ಸೋಯಾ ಅವರೆಯ ಜೀವಾಣು ನಿಧಾನಿ, 5ರಿಂದ 7 ದಿನ ಬೇಕು. ಅಷ್ಟರಲ್ಲಿ ಬೇರೆ ಜೀವಾಣು ಸೇರಿದರೆ ಅದೇ ತುಂಬಿಕೊಳ್ಳುತ್ತದೆ. ಕಾಂಗೋ ಕೆಂಪು ಬಣ್ಣ ಬೆರೆಸಿದ ಅಗರಿನ ಮೇಲೆ ರೈಜೋಬಿಯಂ ಸಾಮಾನ್ಯವಾಗಿ ಬಿಳಿಯಾಗಿಯೇ ಉಳಿದರೆ, ಕಲಬೆರಕೆಯ ಅನೇಕ ಜೀವಾಣುಗಳು ಕೆಂಪು ಹೀರುತ್ತವೆ. ಬೆಳೆದ ದ್ರಾವಣವನ್ನು ಲಿಗ್ನೈಟ್ ಪುಡಿಯಂಥ ಮಾಧ್ಯಮಕ್ಕೆ ಬೆರೆಸಿ ಪೊಟ್ಟಣ ಕಟ್ಟುತ್ತಾರೆ.

ಜೀವಾಣು ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಅದರಂತೆ ಪುಡಿರೂಪದ ರೈಜೋಬಿಯಂನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಅಂದರೆ 200 ಗ್ರಾಂ ಪೊಟ್ಟಣದಲ್ಲಿ 1,000 ಕೋಟಿ. ಆದರೆ ತಗಡಿನ ಚಾವಣಿಯ ಅಂಗಡಿಯಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಕೆಲವು ದಿನ ಕಾದರೆ ಈ ಲೆಕ್ಕ ಕಾಗದದ ಮೇಲೆ ಉಳಿಯುತ್ತದೆ. ಆದ್ದರಿಂದ ಕೊಳ್ಳುವಾಗ ಬೆಳೆಯ ಹೆಸರು (ಶೇಂಗಾದ ಪೊಟ್ಟಣ ಸೋಯಾ ಅವರೆಗೆ ಬಾರದು), ತಯಾರಿಸಿದ ದಿನಾಂಕ, ಅವಧಿ ನೋಡಬೇಕು. ಮನೆಯಲ್ಲಿ ನೀರಿನ ಮಣ್ಣಿನ ಗಡಿಗೆಯ ಪಕ್ಕದ ನೆರಳು ಒಳ್ಳೆಯ ಜಾಗ. ಕೀಟನಾಶಕ, ಗೊಬ್ಬರಗಳ ಜೊತೆ ಇಡಲೇಬಾರದು.

ಬಿತ್ತುವ ದಿನ 50 ಗ್ರಾಂ ಬೆಲ್ಲವನ್ನು ಅರ್ಧ ಲೀಟರ್ ನೀರಿನಲ್ಲಿ ಕುದಿಸಿ ಪೂರ್ತಿ ಆರಿಸಬೇಕು. ಬಿಸಿ ಪಾಕಕ್ಕೆ ಪುಡಿ ಹಾಕಿದರೆ ಎಲ್ಲ ಶ್ರಮವೂ ವ್ಯರ್ಥ. 10 ಕಿಲೋ ಬೀಜ ತೇವವಾಗುವಷ್ಟು ಮಾತ್ರ ಪಾಕ ಚಿಮುಕಿಸಿ, 200 ಗ್ರಾಂ ಪುಡಿ ಬೆರೆಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತತಕ್ಕದ್ದು. ಸೋಯಾ ಅವರೆಯ ಸಿಪ್ಪೆ ತೆಳು, ಹೆಚ್ಚು ಉಜ್ಜಬಾರದು. ಶಿಲೀಂಧ್ರನಾಶಕ ಬಳಸುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ.

ಬಿತ್ತಿದ 30–35 ದಿನಗಳಲ್ಲಿ ನಾಲ್ಕಾರು ಗಿಡಗಳನ್ನು ಸಲಿಕೆಯಿಂದ ಮಣ್ಣುಸಹಿತ ಎತ್ತಿ ನೀರಿನಲ್ಲಿ ತೊಳೆದು ನೋಡಬಹುದು. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದು ತಪ್ಪು ತೀರ್ಮಾನವಾದೀತು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಜೀವಾಣು ಸಾರಜನಕ ಕಟ್ಟುತ್ತಿದೆ. ಹಸಿರು ಅಥವಾ ಕಂದು ಬಣ್ಣವಿದ್ದರೆ ಇಲ್ಲ.