ಮಂತ್ರಿ ದೇವರಾದ ಬಗೆ

ಪ್ರಾಚೀನ ಈಜಿಪ್ಟ್ ಎಂದೊಡನೆ ನಿಮಗೆ ನೆನಪಾಗುವುದು ಫಿರ್‌ಔನ್. ಅವನು ತನ್ನನ್ನೇ ದೇವರೆಂದು ಸಾರಿಕೊಂಡವನು. ಆದರೆ ಅದೇ ನಾಡಿನಲ್ಲಿ ಸಿಂಹಾಸನವನ್ನೇ ಏರದ ಕೆಲವರನ್ನೂ ಜನರು ಕಾಲಾನಂತರ ದೇವರಾಗಿಸಿದರು. ಅದು ಹೇಗಾಯಿತು?

ಅವರಲ್ಲಿ ಪ್ರಮುಖನು ಇಮ್ಹೋತೆಪ್. ಕ್ರಿ.ಪೂ. 27ನೇ ಶತಮಾನದಲ್ಲಿ ದೊರೆ ಜೋಸರ್‌ನ ಮಂತ್ರಿಯಾಗಿದ್ದವನು. ಸಕ್ಕಾರದಲ್ಲಿ ಇಂದಿಗೂ ನಿಂತಿರುವ, ಸುಮಾರು 60 ಮೀಟರ್ ಎತ್ತರದ ಆರು ಹಂತಗಳ ಪಿರಮಿಡ್ಡನ್ನು ಕಟ್ಟಿಸಿದ ಕೀರ್ತಿ ಅವನದು. 1926ರಲ್ಲಿ ಅಲ್ಲಿ ಸಿಕ್ಕಿದ ದೊರೆಯ ಪ್ರತಿಮೆಯ ಪೀಠದಲ್ಲಿ ಇವನ ಹೆಸರೂ ಕೆತ್ತಲ್ಪಟ್ಟಿದೆ.

ಜನರು ಮೊದಲು ಅವನನ್ನು ಜ್ಞಾನಿಯೆಂದು ಗೌರವಿಸಿದರು. ಲಿಪಿಕಾರರು ಬರೆಯಲು ಕೂರುವ ಮುನ್ನ ತಮ್ಮ ನೀರಿನ ಕುಡಿಕೆಯಿಂದ ಅವನ ಹೆಸರಿನಲ್ಲಿ ಹನಿ ನೀರು ಚೆಲ್ಲುತ್ತಿದ್ದರು. ಬಳಿಕ ಅವನನ್ನು ಪ್ತಾ ಎಂಬ ದೇವತೆಯ ಮಗನೆಂದರು, ರೋಗ ವಾಸಿ ಮಾಡುವವನೆಂದರು. ಹೀಗೆ ಮಂತ್ರಿ ದೇವರಾಗಲು ಸುಮಾರು ಎರಡು ಸಾವಿರ ವರ್ಷಗಳೇ ಹಿಡಿದವು! ಕ್ರಿ.ಪೂ. 14ನೇ ಶತಮಾನದ ಅಧಿಕಾರಿ, ಹಾಪುವಿನ ಮಗ ಅಮೆನ್‌ಹೋತೆಪ್‌ನಿಗೂ ಇದೇ ಪಟ್ಟ ದೊರೆಯಿತು. ದೇರ್ ಅಲ್ ಬಹ್ರಿಯಲ್ಲಿ ಇವರಿಬ್ಬರ ಸನ್ನಿಧಿಗೆ ರೋಗಿಗಳು ಆಸೆಯಿಂದ ಬರುತ್ತಿದ್ದರು.

ಒಬ್ಬ ತಾಯಿಯ ಕತೆ ಕೇಳಿ. ಮೆಂಫಿಸ್ ನಗರದ ಪ್ರಧಾನ ಪುರೋಹಿತನ ಪತ್ನಿ ತಾಯಿಮ್ಹೋತೆಪ್. ಹದಿನಾಲ್ಕರಲ್ಲಿ ಮದುವೆ, ಆಮೇಲೆ ಮೂವರು ಹೆಣ್ಣುಮಕ್ಕಳು. ಗಂಡುಮಗುವಿಗಾಗಿ ದಂಪತಿ ಇಮ್ಹೋತೆಪ್‌ನಲ್ಲಿ ಮೊರೆಯಿಟ್ಟರು. ಕ್ರಿ.ಪೂ. 46ರಲ್ಲಿ ಮಗ ಹುಟ್ಟಿದಾಗ ಅವನಿಗೆ ಅದೇ ಹೆಸರಿಟ್ಟರು. ನಾಲ್ಕೇ ವರ್ಷಗಳಲ್ಲಿ, ಮೂವತ್ತರ ಹರೆಯದಲ್ಲಿ, ಆ ತಾಯಿ ತೀರಿಕೊಂಡಳು. ಅವಳ ಸ್ಮಾರಕ ಶಿಲೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎಷ್ಟು ಮೊರೆಯಿಟ್ಟರೂ ಸಾವು ಕಿವಿಗೊಡುವುದಿಲ್ಲ ಎಂಬ ಅಳಲು ಆ ಬರಹದಲ್ಲಿದೆ.

ಆಕೆಯನ್ನು ಕಂಡು ನಗುವುದು ಸುಲಭ. ಆದರೆ ಮೂರು ಹೆಣ್ಣು ಹೆತ್ತವಳ ಮೇಲಿನ ಒತ್ತಡವೇನೆಂದು ನಮಗೆ ಗೊತ್ತಿಲ್ಲವೇ? ಕಂಗೆಟ್ಟ ಮನಸ್ಸು ಹತ್ತಿರದ ಆಸರೆಯನ್ನು ಹುಡುಕುತ್ತದೆ. ಸತ್ತ ಜ್ಞಾನಿಯ ಮೇಲಿನ ಗೌರವವು ಆರಾಧನೆಯಾಗುವುದು ಒಂದೇ ದಿನದಲ್ಲಲ್ಲ, ಹನಿ ಹನಿಯಾಗಿ. ಲಿಪಿಕಾರ ಚೆಲ್ಲಿದ ಆ ಮೊದಲ ಹನಿ ಯಾರಿಗೂ ತಪ್ಪೆಂದು ಕಂಡಿರಲಾರದು.

ಅಷ್ಟೊಂದು ಜನ ಮೊರೆಯಿಟ್ಟ ಆ ಇಮ್ಹೋತೆಪ್‌ನ ಗೋರಿ ಎಲ್ಲಿದೆಯೆಂದು ಇಂದಿಗೂ ಪತ್ತೆಯಾಗಿಲ್ಲ. ಅವನೂ ನಮ್ಮಂತೆಯೇ ಹುಟ್ಟಿ ಸತ್ತ ಮನುಷ್ಯನಲ್ಲವೇ?